ಕಾರ್ಬನ್ ದೋಟಿಯೂ ಜೀಪಿನ ಚಾಸಿಯೂ

ಶಿರಸಿ ಕಡೆಯ ತೋಟದ ಯಜಮಾನರೊಬ್ಬರು ಮಳೆಗಾಲಕ್ಕೆ ಮುಂಚೆ ತಮ್ಮ ಹಳೇ ಜೀಪನ್ನು ನಮ್ಮ ಗ್ಯಾರೇಜಿಗೆ ತಂದು ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಗೋಣಿ ಸುತ್ತಿದ ನಾಲ್ಕು ಪಾಟಾ, ಅಂದರೆ ಸ್ಪ್ರಿಂಗಿನ ಉಕ್ಕಿನ ಪಟ್ಟಿ, ಯಾವುದೋ ಲಾರಿಯದ್ದು.

‘ಇದನ್ನ ಚಾಸಿಗೆ ಹಚ್ಚಿ ವೆಲ್ಡಿಂಗ್ ಹೊಡೀರಿ ಮಾರಾಯ್ರೆ. ದೇವಿಮನೆ ಘಾಟಿಯ ತಿರುವಲ್ಲಿ ಬಾಡಿ ಕಿರುಗುಡ್ತದೆ. ಹೈ ಟೆನ್ಸೈಲ್ ಕಬ್ಬಿಣ ಅಲ್ವಾ, ಗಟ್ಟಿ ಆಗ್ತದೆ.’

ಈ ‘ಗಟ್ಟಿ’ಯಿಂದಲೇ ನನ್ನ ಅರ್ಧ ಕೂದಲು ಹಣ್ಣಾಗಿದೆ. ಚಹಾ ಗಟ್ಟಿ, ದನಿ ಗಟ್ಟಿ, ಕಬ್ಬಿಣವೂ ಗಟ್ಟಿ. ಕಬ್ಬಿಣದಲ್ಲಿ ಮಾತ್ರ ಗಟ್ಟಿ ಎರಡು ಬಗೆ: ಭಾರ ಬಿದ್ದಾಗ ಎಷ್ಟು ಬಾಗುತ್ತದೆ ಎಂಬುದು ಒಂದು, ಭಾರ ತೆಗೆದಾಗ ಹಿಂದಕ್ಕೆ ಬರುತ್ತದೋ ಇಲ್ಲವೋ ಎಂಬುದು ಇನ್ನೊಂದು.

ಹೇಳಿ ಹೇಳಿ ಸಾಕಾಗಿ, ಈಗ ತೋರಿಸಿಬಿಡುತ್ತೇನೆ. 12 ಮಿ.ಮೀ. ದಪ್ಪದ ಎರಡು ಸರಳು ಇಟ್ಟುಕೊಂಡಿದ್ದೇನೆ, ಒಂದು ಸಾದಾ ಎಂ.ಎಸ್. (ಮೈಲ್ಡ್ ಸ್ಟೀಲ್), ಇನ್ನೊಂದು ಹೆಚ್ಚು ಬಲದ ಹೈ ಟೆನ್ಸೈಲ್. ಎರಡನ್ನೂ ವೈಸಿಗೆ ಕಚ್ಚಿಸಿ, ಒಂದು ಮೀಟರ್ ಹೊರಗೆ ಬಿಟ್ಟು, ತುದಿಗೆ 3 ಕೆ.ಜಿ. ತೂಗು ಹಾಕಿದೆ. ಎರಡೂ ಸುಮಾರು 5 ಸೆಂ.ಮೀ. ಕೆಳಗಿಳಿದವು. ಗೋಡೆಯ ಮೇಲೆ ಚಾಕ್‌ಪೀಸಿನ ಗೆರೆ ಎಳೆದರೆ ಒಂದೇ ಗೆರೆ ಸಾಕಾಯಿತು. ಆಮೇಲೆ 10 ಕೆ.ಜಿ. ಹಾಕಿ ತೆಗೆದೆ. ಎಂ.ಎಸ್. ಸರಳು ಸೊಟ್ಟಗೇ ಉಳಿಯಿತು. ಹೈ ಟೆನ್ಸೈಲ್ ನೆಟ್ಟಗಾಯಿತು.

ಯಜಮಾನರು ಗೆರೆಯ ಮೇಲೆ ಬೆರಳಾಡಿಸಿ ನೋಡಿದರು. ‘ಮತ್ತೆ ಅಡಿಕೆ ಕೊಯ್ಯೋ ನಮ್ಮ ಕಾರ್ಬನ್ ಫೈಬರ್ ದೋಟಿ? ಅಲ್ಯುಮಿನಿಯಂದು ಬಳುಕ್ತಿತ್ತು, ಇದು ಬಳುಕೋದಿಲ್ಲ.’

ಒಳ್ಳೆಯ ಪ್ರಶ್ನೆ. ಅಲ್ಲಿ ವಸ್ತುವೇ ಬದಲಾಯಿತು. ಉಕ್ಕು ಹೋಗಿ ಉಕ್ಕೇ ಬಂದರೆ ಬಾಗುವಿಕೆಯಲ್ಲಿ ಬದಲಾವಣೆ ಇಲ್ಲ. 250 ಮೆಗಾಪಾಸ್ಕಲ್‌ಗೆ (ಪ್ರತಿ ಚದರ ಮಿ.ಮೀ. ಮೇಲೆ ಬೀಳುವ ಬಲದ ಅಳತೆ ಇದು) ಸೋಲುವ ಸಾದಾ ಉಕ್ಕಿರಲಿ, ಹೊಸ ಕಾರುಗಳ ಕಂಬಗಳಲ್ಲಿ ಬರುವ 1500ರ ಬೋರಾನ್ ಉಕ್ಕಿರಲಿ, ಬಾಗುವ ಲೆಕ್ಕದಲ್ಲಿ ಎಲ್ಲವೂ ಸುಮಾರು 200 ಗಿಗಾಪಾಸ್ಕಲ್. ಬಳುಕು ಕಡಿಮೆಯಾಗಬೇಕೆಂದರೆ ಆಕಾರ ಬದಲಾಗಬೇಕು. 2.5 ಮಿ.ಮೀ. ದಪ್ಪದ ಪೈಪನ್ನೇ 38 ಮಿ.ಮೀ. ಬದಲು 45 ಮಿ.ಮೀ. ವ್ಯಾಸದ್ದು ಹಾಕಿದರೆ ತೂಕ ಏರುವುದು ಶೇ. 20, ಬಾಗದಿರುವ ಶಕ್ತಿ ಏರುವುದು ಶೇ. 70. ತೆರೆದ ಚಾನಲನ್ನು ಮುಚ್ಚಿ ಬಾಕ್ಸ್ ಮಾಡಿದರೆ ತಿರುಚುವಿಕೆಯಲ್ಲಿ ಸಿಗುವ ಲಾಭ ಇದಕ್ಕಿಂತ ಎಷ್ಟೋ ದೊಡ್ಡದು.

ರೋಲ್ ಕೇಜ್, ಅಂದರೆ ಗಾಡಿಯೊಳಗೆ ಕೂರಿಸುವ ಪೈಪಿನ ರಕ್ಷಣಾ ಪಂಜರ, ಕೇಳಿಕೊಂಡು ಕಾರವಾರದಿಂದ ಬರುವ ಹುಡುಗರದ್ದೂ ಇದೇ ಕಥೆ. ಕೆಲವರು ನೀರಿನ ಜಿ.ಐ. ಪೈಪು ಹೊತ್ತು ತರುತ್ತಾರೆ. ಅವರನ್ನು ಬಾಗಿಲಿಂದಲೇ ಕಳಿಸುತ್ತೇನೆ. ಓದಿಕೊಂಡವರು ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಬಲವಾದ ಉಕ್ಕು) ಬೇಕು, ಅದೂ ತೆಳ್ಳಗಿನದು ಸಾಕು ಅನ್ನುತ್ತಾರೆ. ಗಾಡಿ ಪಲ್ಟಿಯಾದಾಗ ಕೇಜ್ ಮಡಚಿಕೊಳ್ಳಬಾರದು. ಅಲ್ಲಿ ಬಲವಾದ ಉಕ್ಕಿಗೆ ಬೆಲೆ ಇದೆ, ಒಪ್ಪಿದೆ. ಆದರೆ ತೆಳುವಾದಷ್ಟೂ ಬಳುಕು ಹೆಚ್ಚು, ಕೇಜು ನಿಮ್ಮ ತಲೆಗೆ ಹತ್ತಿರ ಬರುತ್ತದೆ. ರ‍್ಯಾಲಿಗೆ ನಿಯಮ ಬರೆಯುವ ಎಫ್.ಐ.ಎ. ಮುಖ್ಯ ಬಳೆಗೆ (ಸೀಟಿನ ಹಿಂದೆ ನಿಲ್ಲುವ ಕಮಾನು) ಕೇಳುವುದು ಕನಿಷ್ಠ 350 ಮೆಗಾಪಾಸ್ಕಲ್ ಎಳೆತ ತಾಳುವ, ಜೋಡು ಇಲ್ಲದೆ ತಣ್ಣಗೆ ಎಳೆದ ಸಾದಾ ಕಾರ್ಬನ್ ಉಕ್ಕಿನ ಪೈಪನ್ನು, ಆದರೆ 45×2.5 ಅಥವಾ 50×2 ಮಿ.ಮೀ. ಅಳತೆಗೆ ಕಡಿಮೆ ಇಲ್ಲದಂತೆ. ಕೇಜಿನ ಪಾದದ ಕೆಳಗೆ 120 ಚದರ ಸೆಂ.ಮೀ.ಗೆ ಕಡಿಮೆಯಿಲ್ಲದ ಪ್ಲೇಟು ಬೇಕು ಎಂದೂ ಇದೆ. ಅದನ್ನು ಮಾತ್ರ ಯಾರೂ ಓದಿರುವುದಿಲ್ಲ.

ನಮ್ಮ ಕರಾವಳಿಯಲ್ಲಿ ಪಾದವೇ ಮುಖ್ಯ. ಮೀನು ಸಾಗಿಸಿದ್ದ ಗಾಡಿಯೊಂದರ ಫ್ಲೋರನ್ನು ಸ್ಕ್ರೂಡ್ರೈವರಿನಿಂದ ಒತ್ತಿದೆ, ಹಪ್ಪಳದ ಹಾಗೆ ಒಳಗೆ ಹೋಯಿತು. ಅದರ ಮೇಲೆ ಎಂಥ ಉಕ್ಕಿನ ಕೇಜ್ ನಿಲ್ಲಿಸಿದರೂ ಪೈಪು ನೆಲ ತೂರಿ ರಸ್ತೆ ನೋಡುತ್ತದೆ. ಐಸ್ ಕರಗಿದ ಉಪ್ಪುನೀರು ಉಕ್ಕಿನ ಗ್ರೇಡು ಕೇಳುವುದಿಲ್ಲ. 5 ಮಿ.ಮೀ. ತಗಡಿನಲ್ಲಿ ತುಕ್ಕು ಒಂದು ಮಿ.ಮೀ. ತಿಂದರೆ ಐದರಲ್ಲೊಂದು ಪಾಲು ಹೋಯಿತು, ಎರಡೂವರೆಯದ್ದರಲ್ಲಿ ತಿಂದರೆ ಐದರಲ್ಲಿ ಎರಡು ಪಾಲು.

ರಸ್ತೆಯಲ್ಲಿ ಓಡುವ ಗಾಡಿಗೆ ಕೇಜ್ ಹಾಕಬೇಡಿ ಎನ್ನುವುದೇ ನನ್ನ ಸಲಹೆ. ಹೆಲ್ಮೆಟ್ ಇಲ್ಲದ ತಲೆ ಆ ಪೈಪಿಗೆ ಬಡಿದರೆ ಕಾಪಾಡಬೇಕಾದದ್ದೇ ಕೊಲ್ಲಬಹುದು. ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬೇರೆ ಇದೆ. ಬದಲಾವಣೆಗೆ ಮುಂಚೆ ಆರ್.ಟಿ.ಒ. ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿಕೊಳ್ಳಿ.

ಪಾಟಾದ ಮಾತು ಉಳಿಯಿತು. ಅದರಲ್ಲಿ ಕಾರ್ಬನ್ ಅರ್ಧ ಶೇಕಡಕ್ಕೂ ಮೇಲೆ. ವೆಲ್ಡಿಂಗ್ ಕಾವು ಆರುವಾಗ ಬೆಸುಗೆಯ ಪಕ್ಕ ಗಾಜಿನಂತಾಗಿ ಬಿರುಕು ಬಿಡುತ್ತದೆ. ಬೋರಾನ್ ಕಂಬದ್ದು ಉಲ್ಟಾ, ಕಾವು ತಗುಲಿದಲ್ಲಿ ಮೆತ್ತಗಾಗುತ್ತದೆ. ಎರಡಕ್ಕೂ ಬೇಕಾಬಿಟ್ಟಿ ರಾಡು ಹಚ್ಚುವಂತಿಲ್ಲ.

ಯಜಮಾನರ ಜೀಪಿನ ಅಡಿ ಮಲಗಿ ನೋಡಿದರೆ ಚಾಸಿಯ ನಡುವಿನ ಅಡ್ಡಪಟ್ಟಿ (ಕ್ರಾಸ್ ಮೆಂಬರ್) ಒಂದು ಕಡೆ ರಿವೆಟ್ ಕಳಚಿ ನೇತಾಡುತ್ತಿತ್ತು. ಅದನ್ನು ಕೂರಿಸಿದೆವು, ಕಿರುಗುಟ್ಟುವುದು ನಿಂತಿತು.

‘ಹಾಗಾದ್ರೆ ಈ ಪಾಟಾ ಏನು ಮಾಡ್ಲಿ?’ ಅಂದರು.

‘ಆಚಾರಿಗೆ ಕೊಡಿ. ಒಳ್ಳೇ ಕತ್ತಿ ಆಗ್ತದೆ’ ಅಂದೆ. ದೀಪಾವಳಿಗೆ ಬಂದಾಗ ನನಗೂ ಒಂದು ತಂದುಕೊಟ್ಟರು.