ಬಯೋಸ್‌ನಲ್ಲಿ ಸ್ಪೀಡ್ ಏರಿಸಿದ ಮೇಲೆ ಕಂಪ್ಯೂಟರ್ ಹ್ಯಾಂಗ್ ಆಗ್ತಿದೆ, ಪ್ರೊಸೆಸರ್ ಹೋಯ್ತಾ?

ಪ್ರಶ್ನೆ: ಸರ್, ಮದುವೆ ವಿಡಿಯೋ ಎಡಿಟಿಂಗ್‌ಗೆ ಅಂತ ಹೊಸ ಕಂಪ್ಯೂಟರ್ ಜೋಡಿಸಿಕೊಂಡೆ. ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪುಟ) ಹೋಗಿ ಪ್ರೊಸೆಸರ್ ಸ್ಪೀಡ್ 5 ಗಿಗಾಹರ್ಟ್ಸ್‌ನಿಂದ 5.2ಕ್ಕೆ ಏರಿಸಿದೆ, ರ‍್ಯಾಮ್‌ಗೆ ಅದರ ಸ್ಪೀಡ್ ಏರಿಸುವ ಎಕ್ಸ್‌ಎಂಪಿ ಆನ್ ಮಾಡಿದೆ. ಎರಡು ತಿಂಗಳು ಚೆನ್ನಾಗಿತ್ತು. ಈಗ ಎಕ್ಸ್‌ಪೋರ್ಟ್ ಅರ್ಧಕ್ಕೆ ಬಂದಾಗ ನೀಲಿ ಪರದೆ ಬರುತ್ತೆ. ಒಮ್ಮೊಮ್ಮೆ ಬ್ರೌಸರ್ ಮಾತ್ರ ತೆರೆದಿದ್ದಾಗಲೂ ಹ್ಯಾಂಗ್. ವಿಂಡೋಸ್ ಮತ್ತೆ ಹಾಕಿಸಿದೆ, ಪ್ರಯೋಜನ ಆಗ್ಲಿಲ್ಲ. ಪ್ರೊಸೆಸರ್ ಸುಟ್ಟುಹೋಗಿದೆಯಾ?

ಉತ್ತರ: ಬಹುಶಃ ಇಲ್ಲ. ಪ್ರೊಸೆಸರ್ ಪೂರ್ತಿ ಹೋಗಿದ್ದರೆ ಕಂಪ್ಯೂಟರ್ ಆನ್ ಆಗುವುದೇ ಕಷ್ಟ. ನಿಮ್ಮದು ಅರ್ಧ ಎಕ್ಸ್‌ಪೋರ್ಟ್ ತನಕ ಓಡುತ್ತಿದೆ ಅಂದರೆ ಮೊದಲ ಅನುಮಾನ ಸೆಟ್ಟಿಂಗ್ ಮೇಲೆಯೇ. ಆದರೆ ದಯವಿಟ್ಟು ಇನ್ನೊಂದು ಸಲ ಎಕ್ಸ್‌ಪೋರ್ಟ್ ಒತ್ತಬೇಡಿ. ನಿಮ್ಮ ಡಿಸ್ಕ್‌ನಲ್ಲಿರುವುದು ಬೇರೆಯವರ ಮದುವೆ. ಈ ಸ್ಥಿತಿಯಲ್ಲಿರುವ ಕಂಪ್ಯೂಟರ್ ಬರೀ ಹ್ಯಾಂಗ್ ಆಗುವುದಿಲ್ಲ, ಲೆಕ್ಕವನ್ನೇ ತಪ್ಪು ಮಾಡುತ್ತದೆ. ಆ ತಪ್ಪು ಸದ್ದಿಲ್ಲದೆ ಫೈಲ್ ಒಳಗೆ ಹೋಗಿ ಕೂರುತ್ತದೆ. ಬ್ಯಾಕಪ್ ಮಾಡುವಾಗಲೂ ಡೇಟಾ ರ‍್ಯಾಮ್ ಮೂಲಕವೇ ಹಾದುಹೋಗಬೇಕಲ್ವಾ? ಹಾಗಾಗಿ ಮೊದಲು ಸೆಟ್ಟಿಂಗ್ ವಾಪಸ್ ತನ್ನಿ, ಬ್ಯಾಕಪ್ ಆಮೇಲೆ.

ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಕೀ ಒತ್ತಿ ಬಯೋಸ್‌ಗೆ ಹೋಗಿ. ‘ಲೋಡ್ ಆಪ್ಟಿಮೈಸ್ಡ್ ಡೀಫಾಲ್ಟ್ಸ್’ ಅಂತ ಇರುತ್ತದೆ, ಅದನ್ನು ಆರಿಸಿ ಸೇವ್ ಮಾಡಿ. ಪರದೆಯೇ ಬರದಿದ್ದರೆ ವೈರ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ, ಮದರ್‌ಬೋರ್ಡ್ ಮೇಲೆ ರೂಪಾಯಿ ನಾಣ್ಯದಂತೆ ಕಾಣುವ ಸಿಆರ್2032 ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಡಿಸ್ಕ್‌ಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಲಾಕ್) ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಬಯೋಸ್ ಬದಲಾಯಿಸಿದ ಮೇಲೆ ವಿಂಡೋಸ್ ಅದನ್ನು ಕೇಳಬಹುದು.

ಈಗ ಯಾಕೆ ಹೀಗಾಗುತ್ತದೆ ಅಂತ ನೋಡೋಣ. 5 ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 500 ಕೋಟಿ ಟಿಕ್. ಒಂದು ಟಿಕ್‌ಗೆ ಸಿಗುವ ಸಮಯ 0.2 ನ್ಯಾನೋ ಸೆಕೆಂಡ್. ಅಷ್ಟರಲ್ಲಿ ಬೆಳಕು ಕೂಡ ಹೋಗುವುದು ಬರೀ 6 ಸೆಂಟಿಮೀಟರ್. ಅಷ್ಟು ಹೊತ್ತಿನಲ್ಲಿ ಸಾಲುಸಾಲು ಟ್ರಾನ್ಸಿಸ್ಟರ್‌ಗಳು ತಮ್ಮ ಕೆಲಸ ಮುಗಿಸಿ ಉತ್ತರ ಸಿದ್ಧ ಇಟ್ಟಿರಬೇಕು. ಒಂದು ದಾರಿಯಲ್ಲಿ ಚೂರು ತಡವಾದರೂ ಮುಂದಿನ ಟಿಕ್ ಹಳೆಯ ಅಥವಾ ತಪ್ಪು ಉತ್ತರವನ್ನೇ ಎತ್ತಿಕೊಂಡು ಹೋಗುತ್ತದೆ. ವೋಲ್ಟೇಜ್ ಜಾಸ್ತಿ ಕೊಟ್ಟರೆ ಟ್ರಾನ್ಸಿಸ್ಟರ್ ಬೇಗ ಕೆಲಸ ಮಾಡುತ್ತದೆ, ನಿಜ. ಆದರೆ ಖರ್ಚಾಗುವ ವಿದ್ಯುತ್ತು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಸ್ಪೀಡ್ 10%, ವೋಲ್ಟೇಜ್ 10% ಏರಿಸಿದರೆ ವಿದ್ಯುತ್ತು ಸುಮಾರು 33% ಜಾಸ್ತಿ. ಅದೆಲ್ಲ ಶಾಖವೇ. ಚಿಪ್ ಬಿಸಿಯಾದಷ್ಟೂ ಆ ವೇಗದಲ್ಲಿ ತಪ್ಪದೆ ನಡೆಯುವುದು ಕಷ್ಟ. ಫೆಬ್ರವರಿಯಲ್ಲಿ ಸರಿಯಿದ್ದ ಸೆಟ್ಟಿಂಗ್ ಏಪ್ರಿಲ್ ಮಧ್ಯಾಹ್ನ ಕೈಕೊಡುವುದು ಇದಕ್ಕೇ. ರೂಮು 10 ಡಿಗ್ರಿ ಬಿಸಿಯಾದರೆ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ.

ನನ್ನ ಹಳೆಯ ಕಂಪ್ಯೂಟರ್ ಇದೇ ಥರ ಕಾಡಿತ್ತು. ಪವರ್ ಸಪ್ಲೈ ಬದಲಿಸಿದೆ, ಗ್ರಾಫಿಕ್ಸ್ ಡ್ರೈವರ್ ಬದಲಿಸಿದೆ, ಏನೂ ಆಗಲಿಲ್ಲ. ಕೊನೆಗೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ‘ಸಿಸ್ಟಮ್’ ಪಟ್ಟಿ ನೋಡಿದರೆ ಹಳದಿ ತ್ರಿಕೋನಗಳ ಸಾಲು. ಎಲ್ಲದರ ಮೇಲೂ ‘ವೀಯಾ ಲಾಗರ್’ (WHEA-Logger), ಐಡಿ 19. ಹಾರ್ಡ್‌ವೇರ್ ತಪ್ಪು ಮಾಡಿ ತಾನೇ ತಿದ್ದಿಕೊಂಡಿದೆ ಅಂತ ಅದರ ಅರ್ಥ. ರ‍್ಯಾಮ್ ಸ್ಪೀಡನ್ನು 3800ರಿಂದ 3600ಕ್ಕೆ ಇಳಿಸಿದೆ. ಮರುದಿನ ಒಂದೂ ತ್ರಿಕೋನ ಇರಲಿಲ್ಲ. ನೀವೂ ಅಲ್ಲಿ ನೋಡಿ. ಐಡಿ 18 ಇದ್ದರೆ ತಿದ್ದಲಾಗದ ತಪ್ಪು. ‘ಕರ್ನಲ್ ಪವರ್ 41’ ನೋಡಿ ಗಾಬರಿ ಬೇಡ, ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಅಂತಷ್ಟೇ ಅದು ಹೇಳುವುದು.

ಎಕ್ಸ್‌ಎಂಪಿ ಅಂದರೆ ರ‍್ಯಾಮ್ ಪ್ಯಾಕೆಟ್ ಮೇಲೆ ಬರೆದ ಸ್ಪೀಡ್ ತಾನೆ, ಅದರಲ್ಲೇನು ತಪ್ಪು ಅಂತ ತುಂಬ ಜನ ಕೇಳುತ್ತಾರೆ. ಅದೂ ಓವರ್‌ಕ್ಲಾಕಿಂಗೇ, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವುದು. ರ‍್ಯಾಮ್ ಜೊತೆ ಡೇಟಾ ಕೊಟ್ಟು ತೆಗೆದುಕೊಳ್ಳುವ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೆ. ರ‍್ಯಾಮ್ ತಡೆದುಕೊಂಡರೂ ಅದು ತಡೆಯದೇ ಇರಬಹುದು.

ಹಾಗಾಗಿ ಎರಡು ಮೂರು ದಿನ ಪೂರ್ತಿ ಡೀಫಾಲ್ಟ್‌ನಲ್ಲಿ ಓಡಿಸಿ, ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿಡಿ. ಒಂದೇ ಒಂದು ಎರರ್ ಬಂದರೂ ಅದು ಸಣ್ಣದಲ್ಲ. ಎಲ್ಲ ಸರಿ ಇದ್ದರೆ ಎಕ್ಸ್‌ಎಂಪಿ ಮಾತ್ರ ಆನ್ ಮಾಡಿ ಮತ್ತೆ ಅದೇ ಪರೀಕ್ಷೆ. ಪ್ರೊಸೆಸರ್ ಸ್ಪೀಡ್ ಕೊನೆಗೆ, ಅದೂ 100 ಮೆಗಾಹರ್ಟ್ಸ್ ಹೆಜ್ಜೆಯಲ್ಲಿ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ತಪ್ಪು ಯಾವುದರದ್ದು ಅಂತ ತಿಳಿಯುವುದೇ ಇಲ್ಲ. ಪ್ರೊಸೆಸರ್ ಪರೀಕ್ಷೆಗೆ ಪ್ರೈಮ್95 ಒಳ್ಳೆಯದು. ತನ್ನ ಲೆಕ್ಕ ಸರಿಯಾಗಿದೆಯಾ ಅಂತ ಅದು ತಾಳೆ ನೋಡುತ್ತಾ ಹೋಗುತ್ತದೆ. ಆದರೆ ಬ್ರೌಸರ್ ಮಾತ್ರ ಇದ್ದಾಗಲೂ ಹ್ಯಾಂಗ್ ಅಂದಿರಲ್ಲ, ಅದನ್ನು ಮರೆಯಬೇಡಿ. ಟರ್ಬೊ (ಪ್ರೊಸೆಸರ್ ತಾನೇ ಸ್ಪೀಡ್ ಏರಿಸಿಕೊಳ್ಳುವ ವ್ಯವಸ್ಥೆ) ಕೆಲಸ ಮಾಡುತ್ತಿದ್ದರೆ ಕೆಲಸ ಕಡಿಮೆ ಇರುವಾಗ ಒಂದೆರಡು ಕೋರ್‌ಗಳು ಅತಿ ಹೆಚ್ಚು ಸ್ಪೀಡ್‌ಗೆ ಹಾರುತ್ತವೆ. ಭಾರದ ಪರೀಕ್ಷೆ ಪಾಸಾದ ಕಂಪ್ಯೂಟರ್ ಅಲ್ಲಿ ಬೀಳಬಹುದು.

ನನ್ನ ಅಭಿಪ್ರಾಯ ಕೇಳಿದರೆ, 5.2 ನಿಮಗೆ ಬೇಕಿಲ್ಲ. 5ರಿಂದ 5.2 ಅಂದರೆ 4% ಏರಿಕೆ. ಐವತ್ತು ನಿಮಿಷದ ಎಕ್ಸ್‌ಪೋರ್ಟ್‌ನಲ್ಲಿ ಉಳಿಯುವುದು ಹೆಚ್ಚೆಂದರೆ ಎರಡು ನಿಮಿಷ.

ಇನ್ನೊಂದು ವಿಷಯ. ನಿಮ್ಮದು ಇಂಟೆಲ್‌ನ 13 ಅಥವಾ 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಆಗಿದ್ದರೆ ಸೆಟ್ಟಿಂಗ್ ವಾಪಸ್ ತಂದ ಮೇಲೆ ಬಯೋಸ್ ಅಪ್‌ಡೇಟ್ ಕೂಡ ಮಾಡಿ. ಅತಿ ವೋಲ್ಟೇಜ್‌ನಿಂದ ಕೆಲವು ಚಿಪ್‌ಗಳು ಬೇಗ ಸವೆಯುತ್ತವೆ ಅಂತ 2024ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಸವೆಯುತ್ತಿದ್ದದ್ದು ಕೋರ್‌ನೊಳಗೆ ಕ್ಲಾಕ್ (ಮೇಲೆ ಹೇಳಿದ ಟಿಕ್) ಹಂಚುವ ಸರ್ಕ್ಯೂಟ್. ಆಗಸ್ಟ್‌ನಲ್ಲಿ ಬಂದ 0ಎಕ್ಸ್129 ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸಾಫ್ಟ್‌ವೇರ್) 1.55 ವೋಲ್ಟ್‌ಗಿಂತ ಹೆಚ್ಚು ಕೇಳದಂತೆ ತಡೆಯಿತು, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಬಂತು. ಬಯೋಸ್‌ನಲ್ಲಿ ‘ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ಸ್’ ಆಯ್ಕೆಯನ್ನೂ ಹಾಕಿ. ಕೆಲವು ಮದರ್‌ಬೋರ್ಡ್‌ಗಳು ಡೀಫಾಲ್ಟ್ ಅಂತ ಹೇಳುತ್ತಲೇ ಪವರ್ ಮಿತಿಯನ್ನು ಮೇಲೇರಿಸಿ ಇಟ್ಟಿರುತ್ತಿದ್ದವು. ಆಗಲೇ ಸವೆದ ಚಿಪ್ಪನ್ನು ಅಪ್‌ಡೇಟ್ ಸರಿಮಾಡುವುದಿಲ್ಲ. ಅಂಥ ಚಿಪ್‌ಗಳಿಗೆ ಕಂಪನಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದೆ.

ಎಲ್ಲವೂ ಡೀಫಾಲ್ಟ್, ಎಕ್ಸ್‌ಎಂಪಿ ಆಫ್, ರ‍್ಯಾಮ್ ಪರೀಕ್ಷೆ ಪಾಸ್, ಆದರೂ ನೀಲಿ ಪರದೆ ಬಂದರೆ ಆಗ ಪ್ರೊಸೆಸರ್ ಮೇಲೆ ಅನುಮಾನ ಪಡಿ. ಯಾವ ದಿನ, ಯಾವ ಸೆಟ್ಟಿಂಗ್, ಪರದೆಯ ಮೇಲೆ ಯಾವ ಎರರ್ ಅಂತ ಒಂದು ಹಾಳೆಯಲ್ಲಿ ಬರೆದು, ಫೋನಿನಲ್ಲಿ ಫೋಟೋ ತೆಗೆದು, ಬಿಲ್ ಜೊತೆ ತೆಗೆದುಕೊಂಡು ಹೋಗಿ. ವಾರಂಟಿ ಕೌಂಟರ್‌ನಲ್ಲಿ ಮೊದಲು ಕೇಳುವುದು ಅದನ್ನೇ.