ಹೆಸರು ಬದಲಿಸಿಕೊಂಡು ಬರುವ ಹಳೇ ಜಗಳ

ಅಮೆರಿಕದ ಶಾಲೆಗಳಲ್ಲಿ ಡಾರ್ವಿನ್ ಪಾಠ ಮಾಡಬೇಕೋ ಬೇಡವೋ ಅನ್ನುವ ಜಗಳಕ್ಕೆ ನೂರು ವರ್ಷ ದಾಟಿದೆ. ಪ್ರತಿ ಸಲವೂ ಹೊಸ ಹೆಸರಿನಲ್ಲಿ ಸುದ್ದಿಗೆ ಬರುವುದರಿಂದ ಅದೇ ಹಳೇ ಜಗಳ ಅಂತ ಥಟ್ಟನೆ ಗೊತ್ತಾಗುವುದಿಲ್ಲ.

1925ರಲ್ಲಿ ಟೆನೆಸಿ ರಾಜ್ಯದ ಡೇಟನ್ ಎಂಬ ಪುಟ್ಟ ಊರಿನಲ್ಲಿ ಜಾನ್ ಸ್ಕೋಪ್ಸ್ ಎಂಬ ಮೇಷ್ಟ್ರಿಗೆ 100 ಡಾಲರ್ ದಂಡ ಬಿತ್ತು. ಮನುಷ್ಯ ಪ್ರಾಣಿಗಳಿಂದ ವಿಕಾಸವಾದ ಅಂತ ಕಲಿಸಿದ್ದೇ ತಪ್ಪು. ತಮಾಷೆ ಅಂದ್ರೆ, ಅದನ್ನು ಹೇಳುವ ಪುಸ್ತಕ ರಾಜ್ಯವೇ ಒಪ್ಪಿದ ಪಠ್ಯವಾಗಿತ್ತು! ಆ ಕಾನೂನು 1967ರವರೆಗೂ ಇತ್ತು. ಮರುವರ್ಷ ಸುಪ್ರೀಂ ಕೋರ್ಟು ಇಂಥ ನಿಷೇಧವೇ ಸಂವಿಧಾನಕ್ಕೆ ವಿರುದ್ಧ ಎಂದಿತು. ಸರಿ, ಹಾಗಾದ್ರೆ ಎಲ್ಲವನ್ನೂ ದೇವರೇ ಸೃಷ್ಟಿಸಿದ ಅನ್ನುವ 'ಸೃಷ್ಟಿ ವಿಜ್ಞಾನ'ವನ್ನೂ ಸಮಸಮವಾಗಿ ಕಲಿಸಿ ಎಂಬ ವಾದ ಎದ್ದಿತು. 1987ರಲ್ಲಿ ಕೋರ್ಟು ಅದನ್ನೂ ಒಪ್ಪಲಿಲ್ಲ. ಸರ್ಕಾರಿ ಶಾಲೆ ಧರ್ಮಪಾಠ ಮಾಡುವಂತಿಲ್ಲ, ಅಷ್ಟೇ.

ಆಮೇಲೆ ಬಂದಿದ್ದು 'ಇಂಟೆಲಿಜೆಂಟ್ ಡಿಸೈನ್'. ದೇವರ ಹೆಸರೆತ್ತದೆ, ಜೀವಿಗಳ ಹಿಂದೆ ಯಾರೋ ಒಬ್ಬ ಜಾಣ ವಿನ್ಯಾಸಕಾರ ಇದ್ದಾನೆ ಅನ್ನುವ ವಾದ. ಪೆನ್ಸಿಲ್ವೇನಿಯಾದ ಡೋವರ್ ಶಾಲಾ ಮಂಡಳಿ 2004ರಲ್ಲಿ ಒಂದು ನಿರ್ಣಯ ಮಾಡಿತು. ಒಂಬತ್ತನೇ ಕ್ಲಾಸಿನಲ್ಲಿ ವಿಕಾಸದ ಪಾಠಕ್ಕೆ ಮುಂಚೆ ಒಂದು ಹೇಳಿಕೆ ಓದಬೇಕು: ಡಾರ್ವಿನ್ನನದು ಬರೀ ಥಿಯರಿ, ಬೇರೆ ವಿವರಣೆ ಬೇಕಿದ್ದವರಿಗೆ ಇಂಥ ಪುಸ್ತಕ ಇದೆ. 'ಅದೆಲ್ಲ ಥಿಯರಿ ಕಣೋ, ಪ್ರಾಕ್ಟಿಕಲ್ಲೇ ಬೇರೆ' ಅಂತೀವಲ್ಲ, ಆ ಅರ್ಥದ ಥಿಯರಿ. ವಿಜ್ಞಾನದಲ್ಲಿ ಆ ಪದಕ್ಕೆ ತೂಕ ಜಾಸ್ತಿ: ಸಾಕ್ಷ್ಯಗಳ ಮುಂದೆ ಮತ್ತೆ ಮತ್ತೆ ನಿಂತು ಗೆದ್ದ ವಿವರಣೆ. ವಿಜ್ಞಾನದ ಮೇಷ್ಟ್ರುಗಳು ಓದಲ್ಲ ಅಂದರು. ಕೊನೆಗೆ ಆಡಳಿತದವರೇ ಕ್ಲಾಸಿಗೆ ಬಂದು ಓದಿದರು.

ಹನ್ನೊಂದು ಮಂದಿ ತಂದೆತಾಯಿಗಳು ಕೋರ್ಟಿಗೆ ಹೋದರು. ಅಲ್ಲಿ ಆ ಪುಸ್ತಕದ ಹಳೇ ಕರಡುಗಳು ಹೊರಬಂದವು. ಮೊದಲು 'ಕ್ರಿಯೇಷನಿಸ್ಟ್ಸ್' (creationists, ಸೃಷ್ಟಿವಾದಿಗಳು) ಎಂದಿದ್ದ ಕಡೆ, 1987ರ ತೀರ್ಪಿನ ನಂತರ 'ಡಿಸೈನ್ ಪ್ರೊಪೊನೆಂಟ್ಸ್' (design proponents, ವಿನ್ಯಾಸದ ಪರ ವಾದಿಸುವವರು) ಎಂದಾಗಿತ್ತು. ಒಂದು ಕರಡಿನಲ್ಲಿ ಮಾತ್ರ ಕೈ ತಪ್ಪಿ 'ಸಿಡಿಸೈನ್ ಪ್ರೊಪೊನೆಂಟ್ಸಿಸ್ಟ್ಸ್' (cdesign proponentsists) ಎಂದು ಉಳಿದಿತ್ತು. ಹಳೇ ಪದದ ತಲೆ, ಬಾಲ ಎರಡೂ ಹಾಗೇ ಇದ್ದು, ಹೊಟ್ಟೆಯೊಳಗೆ ಹೊಸ ಪದ ಸೇರಿಕೊಂಡಿತ್ತು. ಸುಮ್ನೆ ಒಂದು ಅಕ್ಷರದೋಷ. ಆದರೆ ಅಷ್ಟು ವರ್ಷಗಳ ವಾದದ ಹುಟ್ಟು ಅದರಲ್ಲೇ ಕಾಣುತ್ತಿತ್ತಲ್ವಾ? ನ್ಯಾಯಾಧೀಶ ಜಾನ್ ಜೋನ್ಸ್ ಡಿಸೆಂಬರ್ 2005ರಲ್ಲಿ 139 ಪುಟಗಳ ತೀರ್ಪು ಕೊಟ್ಟು, ಇದು ವಿಜ್ಞಾನ ಅಲ್ಲ ಎಂದರು. ಅಷ್ಟರಲ್ಲೇ ನವೆಂಬರ್ ಚುನಾವಣೆಯಲ್ಲಿ ಡೋವರಿನ ಜನ ಮತ್ತೆ ನಿಂತಿದ್ದ ಶಾಲಾ ಮಂಡಳಿಯ ಎಂಟೂ ಸದಸ್ಯರನ್ನು ಮನೆಗೆ ಕಳಿಸಿದ್ದರು. ವಕೀಲರ ಖರ್ಚು, 10 ಲಕ್ಷ ಡಾಲರ್, ಶಾಲೆಯ ತಲೆಗೇ ಬಂತು.

ತೀರ್ಪಿನಿಂದ ಜನರ ನಂಬಿಕೆ ಬದಲಾಗುತ್ತಾ ಅಂದ್ರೆ, ನಿಧಾನ. ಮನುಷ್ಯನನ್ನು ದೇವರು ಈಗಿರುವ ರೂಪದಲ್ಲೇ ಸೃಷ್ಟಿಸಿದ ಅನ್ನುವವರು ಗ್ಯಾಲಪ್ ಸಮೀಕ್ಷೆಯಲ್ಲಿ 1982ರಲ್ಲಿ ಶೇ. 44 ಇದ್ದರು, 2024ರಲ್ಲಿ ಶೇ. 37. ದೇವರ ಪಾತ್ರವಿಲ್ಲದೆ ವಿಕಾಸವಾಯಿತು ಅನ್ನುವವರು ಶೇ. 9ರಿಂದ 24ಕ್ಕೆ ಏರಿದ್ದಾರೆ. ವಿಕಾಸ ಆಗಿದ್ದು ನಿಜ, ಆದರೆ ನಡೆಸಿದ್ದು ದೇವರು ಅನ್ನುವವರು ಈಗಲೂ ಮೂರರಲ್ಲೊಬ್ಬರು. ಈ ಜಗಳದಲ್ಲಿ ಅವರ ದನಿ ಕೇಳಿಸುವುದೇ ಕಮ್ಮಿ.

2024ರಲ್ಲೇ ವೆಸ್ಟ್ ವರ್ಜೀನಿಯಾದಲ್ಲಿ ಒಂದು ಕಾನೂನು ಬಂತು. ವೈಜ್ಞಾನಿಕ ಸಿದ್ಧಾಂತಗಳ ಬಗ್ಗೆ ಮಕ್ಕಳು ಕೇಳುವ ಪ್ರಶ್ನೆಗೆ ಮೇಷ್ಟ್ರು ಉತ್ತರಿಸಬಹುದು ಅಂತ. ಮಸೂದೆಯ ಮೊದಲ ರೂಪದಲ್ಲಿ 'ಇಂಟೆಲಿಜೆಂಟ್ ಡಿಸೈನ್' ಎಂಬ ಮಾತಿತ್ತು. ಪಾಸಾಗುವ ಹೊತ್ತಿಗೆ ಇರಲಿಲ್ಲ.