ಗ್ಯಾಸ್ಕೆಟ್ ಹೋಗಿದೆ ಅನ್ನುವ ಮುಂಚೆ ಲೈನರ್ ನೋಡಿ

ರೇಡಿಯೇಟರಿನಲ್ಲಿ ಗುಳ್ಳೆ ಕಂಡ ಕೂಡಲೇ ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಅಂದುಬಿಡುತ್ತೇವೆ; ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವಿನ ಸೀಲು. ಬಹಳ ಸಲ ಅದು ನಿಜವೂ ಹೌದು. ಆದರೆ ಗುಳ್ಳೆಯಿಂದ ಗೊತ್ತಾಗುವುದು ಇಷ್ಟೇ: ಸಿಲಿಂಡರಿನ ಗ್ಯಾಸು ನೀರಿಗೆ ನುಗ್ಗುತ್ತಿದೆ. ಗ್ಯಾಸ್ಕೆಟ್ ದಾಟಿ ಬಂತೋ, ಹೆಡ್ಡಿನ ಬಿರುಕಿನಿಂದಲೋ, ಲೈನರ್ (ಪಿಸ್ಟನ್ ಓಡಾಡುವ, ಸಿಲಿಂಡರಿನ ಒಳಗೋಡೆಯಾದ ಕೊಳವೆ) ಹಿಂದಿನಿಂದಲೋ ಎಂಬುದನ್ನು ನಾವೇ ಹುಡುಕಬೇಕು.

ಮೊದಲು ಗ್ಯಾಸು ಹೌದೋ ಅಲ್ಲವೋ ಖಚಿತವಾಗಲಿ. ಎಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆದು (ಬಿಸಿಯಿದ್ದಾಗ ದಯವಿಟ್ಟು ಮುಟ್ಟಬೇಡಿ), ನೀರಿನ ಮಟ್ಟ ಸ್ವಲ್ಪ ಇಳಿಸಿ, ಬ್ಲಾಕ್ ಟೆಸ್ಟರ್ (ನೀರಿನಿಂದ ಮೇಲೇಳುವ ಗ್ಯಾಸನ್ನು ನೀಲಿ ದ್ರವದ ಮೂಲಕ ಹಾಯಿಸಿ ನೋಡುವ ಸಾಧನ) ಇಟ್ಟು ಎಂಜಿನ್ ಓಡಿಸಿ. ಗ್ಯಾಸು ಇದ್ದರೆ, ಪೆಟ್ರೋಲ್ ಎಂಜಿನ್ನಿನಲ್ಲಿ ನೀಲಿ ದ್ರವ ಹಳದಿಗೆ ತಿರುಗುತ್ತದೆ.

ಆಮೇಲೆ ಲೀಕ್‌ಡೌನ್ ಟೆಸ್ಟ್, ಅಂದರೆ ಸಿಲಿಂಡರಿಗೆ ಗಾಳಿ ತುಂಬಿ ಅದು ಎಲ್ಲಿ ಸೋರುತ್ತದೆಂದು ನೋಡುವುದು. ಕಂಪ್ರೆಷನ್ ಸ್ಟ್ರೋಕಿನಲ್ಲಿ ಪಿಸ್ಟನ್ನನ್ನು ಮೇಲಕ್ಕೆ ತಂದು ಪ್ಲಗ್ ತೂತಿನಿಂದ ಗಾಳಿ ಬಿಡಿ. ಪಕ್ಕದ ಸಿಲಿಂಡರಿನ ತೂತಿನಲ್ಲಿ ಸುಯ್ ಅಂದರೆ ನಡುವಿನ ಗ್ಯಾಸ್ಕೆಟ್ ಸುಟ್ಟಿದೆ ಎಂಬ ಅನುಮಾನ ಗಟ್ಟಿ. ಗಾಳಿ ನೀರಿಗೆ ಮಾತ್ರ ಹೋಗುತ್ತಿದ್ದರೆ ತೀರ್ಮಾನ ಇನ್ನೂ ಬೇಡ.

ಹೆಡ್ ಬಿಚ್ಚಿದ ಮೇಲೆ ಪಿಸ್ಟನ್‌ಗಳ ತಲೆ ನೋಡಿ. ಉಳಿದವೆಲ್ಲ ಮಸಿ ಹಿಡಿದಿದ್ದು ಒಂದು ಮಾತ್ರ ತಿಕ್ಕಿದ ಪಾತ್ರೆಯಂತೆ ಹೊಳೆಯುತ್ತಿದ್ದರೆ ನೀರು ಒಳಬಂದದ್ದು ಅಲ್ಲೇ. ಹಬೆ ಮಸಿಯನ್ನು ತೊಳೆದಿದೆ. ಆ ಸಿಲಿಂಡರಿನ ಸುತ್ತ ಗ್ಯಾಸ್ಕೆಟ್ಟಿನಲ್ಲಿ ಸುಟ್ಟ ಗುರುತು ಇಲ್ಲದಿದ್ದರೆ, ಹೆಡ್ಡೂ ನೆಟ್ಟಗಿದ್ದರೆ, ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಬೇಡಿ.

ಇದಕ್ಕೆ ಒಳ್ಳೆಯ ಪಾಠ ರೇಂಜ್ ರೋವರ್‌ಗಳಲ್ಲಿ ಬಂದ 4.0 ಮತ್ತು 4.6 ಲೀಟರಿನ ರೋವರ್ ವಿ8. ಅಲ್ಯೂಮಿನಿಯಂ ಬ್ಲಾಕು, ಒಳಗೆ ಒತ್ತಿ ಕೂರಿಸಿದ ಎರಕದ ಕಬ್ಬಿಣದ ಲೈನರು. ಹಳೆಯ 3.5 ಲೀಟರಿನಲ್ಲಿ 88.9 ಮಿ.ಮೀ. ಇದ್ದ ಬೋರು (ಸಿಲಿಂಡರಿನ ಒಳವ್ಯಾಸ) ಇಲ್ಲಿ 94 ಮಿ.ಮೀ.; ಅಷ್ಟರಮಟ್ಟಿಗೆ ಲೈನರ್ ಹಿಂದಿನ ಗೋಡೆ ತೆಳುವಾಯಿತು. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವ ಲೋಹ. ಎಂಜಿನ್ ಅತಿಯಾಗಿ ಕಾದರೆ ಬ್ಲಾಕಿನ ಹಿಡಿತ ಸಡಿಲವಾಗಿ ಲೈನರ್ ಅಲುಗುತ್ತದೆ, ಬಿಸಿಯಲ್ಲಿ ಟಿಕ್ ಟಿಕ್ ಸದ್ದು ಬರುತ್ತದೆ. ಗೋಡೆ ಬಿರುಕು ಬಿಟ್ಟರಂತೂ ನೀರು ಲೈನರ್ ಹಿಂದೆಯೇ ಹತ್ತಿ ಮೇಲಂಚಿನಲ್ಲಿ ಸಿಲಿಂಡರಿಗೆ ಇಳಿಯುತ್ತದೆ. ಎಷ್ಟು ಗ್ಯಾಸ್ಕೆಟ್ ಬದಲಿಸಿದರೂ ಆ ದಾರಿ ಮುಚ್ಚುವುದಿಲ್ಲ. ಬ್ಲಾಕನ್ನು ಪ್ರೆಷರ್ ಟೆಸ್ಟ್ ಮಾಡಿಸಿದರೆ ಬಿರುಕು ಸಿಗುತ್ತದೆ. ಮೇಲೆ ಟೋಪಿಯಂಥ ಅಂಚಿರುವ ಟಾಪ್ ಹ್ಯಾಟ್ ಲೈನರ್ ಹಾಕಿಸುವುದು ಸರಿಯಾದ ರಿಪೇರಿ. ಆ ಅಂಚನ್ನು ಹೆಡ್ಡೇ ಅದುಮಿ ಹಿಡಿಯುವುದರಿಂದ ಲೈನರ್ ಅಲುಗುವುದಿಲ್ಲ.

ನೀರು ನೇರ ತಾಗುವ ವೆಟ್ ಲೈನರ್ ಎಂಜಿನ್ನಿನಲ್ಲಿ ಕೆಳಗಿನ ಸೀಲೂ ಸೋರಬಹುದು. ಸಂಪ್ (ಎಂಜಿನ್ ಕೆಳಗಿನ ಆಯಿಲ್ ತಟ್ಟೆ) ಇಳಿಸಿ, ಕೂಲಿಂಗ್ ಸಿಸ್ಟಮ್ಮಿಗೆ ಪ್ರೆಷರ್ ಕೊಟ್ಟು, ಕೆಳಗೆ ರಟ್ಟು ಹಾಸಿ ಕಾಯಿರಿ. ಹನಿ ಲೈನರಿನ ಹೊರಮೈಯಿಂದ ಬಿದ್ದರೆ ಸೀಲು. ಪಿಸ್ಟನ್ ಪಕ್ಕದಿಂದ ಒಳಗೇ ಇಳಿದರೆ ಮೇಲೆ ಹುಡುಕಿ.